ಅರವತ್ತು ಸಿಸ್ಟಂ, ಒಂದು ಎಲ್‌ಡ್ಯಾಪ್ ಸರ್ವರ್, 420 ರೂಪಾಯಿಯ ಸೆಲ್: ನನ್ನ ಅನುಭವ

ತುಮಕೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಅರವತ್ತು ಚಿಲ್ಲರೆ ಉಬುಂಟು ಸಿಸ್ಟಂ, ಎಲ್ಲದರ ಲಾಗಿನ್‌ಗೂ ಒಂದೇ ಓಪನ್ ಎಲ್‌ಡ್ಯಾಪ್, ಅಂದರೆ ಎಲ್ಲರ ಹೆಸರು, ಪಾಸ್‌ವರ್ಡ್ ಒಂದೇ ಕಡೆ ಇಡುವ ಸರ್ವರ್. ಮೂರು ವರ್ಷ ಎಲ್ಲವೂ ಪೋರ್ಟ್ 389ರಲ್ಲಿ ಟಿಎಲ್‌ಎಸ್ (ಸಂಪರ್ಕವನ್ನು ಗುಪ್ತವಾಗಿಸುವ ಎನ್‌ಕ್ರಿಪ್ಷನ್) ಇಲ್ಲದೆಯೇ ಓಡಿತು. ಪಾಸ್‌ವರ್ಡ್ ಎಸ್‌ಎಸ್‌ಎಚ್‌ಎ ಹ್ಯಾಶ್ ಆಗಿ, ಅಂದರೆ ನೇರವಾಗಿ ಓದಲಾಗದ ರೂಪದಲ್ಲಿ ಇದೆಯಲ್ಲ ಅಂತ ನೆಮ್ಮದಿಯಾಗಿದ್ದೆ.

ಒಂದು ಸಂಜೆ ಸರ್ವರ್ ಮೇಲೆ, ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿದೆ. ಒಬ್ಬರು ಮೇಡಂ ಲಾಗಿನ್ ಆದರು. ಅವರ ಪಾಸ್‌ವರ್ಡ್ ಅಕ್ಷರ ಬಿಡದೆ ನನ್ನ ಕಣ್ಣೆದುರು ಬಂತು. ಹ್ಯಾಶ್ ಇರುವುದು ಡಿಸ್ಕ್‌ನಲ್ಲಿ. ಸಿಂಪಲ್ ಬೈಂಡ್‌ನಲ್ಲಿ (ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ರೀತಿ) ವೈರ್ ಮೇಲೆ ಹೋಗುವುದು ಪಾಸ್‌ವರ್ಡೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟಿಎಲ್‌ಎಸ್ ಹಾಕಿಕೊಡಲು ಹೊರಗಿನವರನ್ನು ಕೇಳಿದರೆ ಎಂಬತ್ತೈದು ಸಾವಿರ ರೂಪಾಯಿಯ ಹತ್ತಿರ ಹೇಳಿದರು. ನಾನೇ ಮಾಡುತ್ತೇನೆ ಅಂದೆ. "ಇದು ಲ್ಯಾಬ್‌ನವರ ಕೈಲಿ ಆಗೋದಲ್ಲ ಬಿಡಿ ಸರ್, ಪರೀಕ್ಷೆ ಟೈಮಲ್ಲಿ ಕೈಕೊಟ್ಟರೆ ಯಾರು ಹೊಣೆ?" ಅಂತ ಆಫೀಸಿನಲ್ಲಿ ಕೇಳಿದರು. ಸರಿಯಾದ ಪ್ರಶ್ನೆಯೇ.

ಟಿಎಲ್‌ಎಸ್‌ಗೆ ಸರ್ವರ್‌ನ ಗುರುತು ಹೇಳುವ ಸರ್ಟಿಫಿಕೇಟ್ ಬೇಕು. ಅದಕ್ಕೆ ಸಹಿ ಹಾಕಲು ಸ್ವಂತ ಸಿಎ ಮಾಡಿಕೊಂಡೆ. ಅದು ಅರ್ಧ ಗಂಟೆಯ ಕೆಲಸ. ಸರ್ವರ್‌ಗೆ ಸರ್ಟಿಫಿಕೇಟ್ ಫೈಲ್‌ನ ದಾರಿ ಕೊಟ್ಟ ತಕ್ಷಣ ಎರರ್ 80. ಸರ್ಟಿಫಿಕೇಟ್‌ನ ಗುಟ್ಟಿನ ಕೀ ಫೈಲ್‌ನ ಓನರ್ ಬದಲಿಸಿದೆ, ಗ್ರೂಪ್ ಬದಲಿಸಿದೆ, ಮತ್ತೆ 80. ಎರಡು ದಿನ ಹೋಯಿತು. ಕೊನೆಗೆ ಡಿಮೆಸೇಜ್ (ಕರ್ನಲ್‌ನ ಲಾಗ್) ನೋಡಿದರೆ ತಡೆಯುತ್ತಿದ್ದದ್ದು ಆ್ಯಪ್ ಆರ್ಮರ್, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯುವ ಉಬುಂಟುವಿನ ಕಾವಲುಗಾರ. ಕೀಯನ್ನು ಆಪ್ಟ್ ಫೋಲ್ಡರ್‌ನಲ್ಲಿ ಇಟ್ಟಿದ್ದೆ, ಅಲ್ಲಿಂದ ಓದಲು ಸ್ಲ್ಯಾಪ್‌ಡಿಗೆ (ಓಪನ್ ಎಲ್‌ಡ್ಯಾಪ್‌ನ ಸರ್ವರ್ ಪ್ರೋಗ್ರಾಂ) ಅನುಮತಿಯೇ ಇಲ್ಲ. ಇಟಿಸಿಯ ಎಲ್‌ಡ್ಯಾಪ್ ಫೋಲ್ಡರ್‌ಗೆ ಸರಿಸಿದೆ. ಒಂದೇ ಸಲಕ್ಕೆ ತೆಗೆದುಕೊಂಡಿತು.

ಮುಂದೆ ಕ್ಲೈಂಟ್, ಅಂದರೆ ಲ್ಯಾಬ್‌ನ ಸಿಸ್ಟಂಗಳು. ಲಾಗಿನ್‌ಗೆ ಸರ್ವರ್ ಜೊತೆ ಮಾತಾಡುತ್ತಿದ್ದ ಹಳೆಯ ಎನ್‌ಎಸ್‌ಎಲ್‌ಸಿಡಿ ತೆಗೆದು, ಅದೇ ಕೆಲಸಕ್ಕೆ ಎಸ್‌ಎಸ್‌ಎಸ್‌ಡಿ ಹಾಕಿದೆ. ಎನ್‌ಕ್ರಿಪ್ಷನ್ ಇಲ್ಲದೆ ಅದು ಪಾಸ್‌ವರ್ಡ್ ಕಳಿಸುವುದೇ ಇಲ್ಲ. ಅದಕ್ಕೇ ನನಗೆ ಅದು ಇಷ್ಟ. ಕಾನ್ಫಿಗ್‌ನಲ್ಲಿ ಸರ್ವರ್‌ನ ಐಪಿ ಇತ್ತು, ಸರ್ಟಿಫಿಕೇಟ್‌ನಲ್ಲಿ ಬರೀ ಹೆಸರು. ಹೊಂದಲಿಲ್ಲ. "ರಿಕ್ವೆಸ್ಟ್ ಸರ್ಟ್ ನೆವರ್ ಅಂತ ಹಾಕಿಬಿಡಿ ಸರ್, ಎಲ್ಲರೂ ಹಾಗೇ ಮಾಡೋದು" ಅಂದರು ಬೇರೆ ಕಾಲೇಜಿನ ಗೆಳೆಯರು. ನೆವರ್ ಅಂದರೆ ಸರ್ಟಿಫಿಕೇಟ್ ನಿಜವೇ ಅಂತ ಕ್ಲೈಂಟ್ ನೋಡುವುದೇ ಇಲ್ಲ. ಹಾಕಿದೆ, ನಡೆಯಿತು. ಆದರೂ ಮನಸ್ಸು ತಡೆಯಲಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಸರ್ವರ್‌ನ ಐಪಿ ಕೊಟ್ಟು, ಸುಳ್ಳು ಸರ್ಟಿಫಿಕೇಟ್ ಇಟ್ಟೆ. ಕ್ಲೈಂಟ್ ಅದಕ್ಕೂ ಪಾಸ್‌ವರ್ಡ್ ಒಪ್ಪಿಸಿಬಿಟ್ಟಿತು! ಅವತ್ತೇ ನೆವರ್ ತೆಗೆದು, ಸರಿಯಾದ ಸರ್ಟಿಫಿಕೇಟ್ ಇಲ್ಲದಿದ್ದರೆ ಸಂಪರ್ಕವನ್ನೇ ಬಿಡುವ ಡಿಮಾಂಡ್ ಹಾಕಿದೆ, ಎಲ್ಲ ಕಡೆ ಹೆಸರನ್ನೇ ಬರೆದೆ.

ಮರುದಿನ ಹದಿನಾಲ್ಕು ಸಿಸ್ಟಂ ಲಾಗಿನ್ ಆಗಲಿಲ್ಲ. ಕರೆಂಟ್ ಹೋಗಿ ಬಂದಿತ್ತು. ಅವುಗಳ ಮದರ್‌ಬೋರ್ಡ್ ಸೆಲ್ ಸತ್ತು, ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಆ ಗಡಿಯಾರದ ಲೆಕ್ಕದಲ್ಲಿ ನನ್ನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ! ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಸೆಲ್‌ಗೆ ಮೂವತ್ತರಂತೆ 420 ರೂಪಾಯಿ ಕೊಟ್ಟೆ. ಲ್ಯಾಬ್‌ನ ಒಳಗೇ, ಎಲ್ಲ ಸಿಸ್ಟಂಗೂ ಸರಿಯಾದ ಸಮಯ ಕೊಡುವ ಒಂದು ಎನ್‌ಟಿಪಿ ಸರ್ವರ್ ಕೂಡ ಹಾಕಿದೆ.

ಆಮೇಲೆ ದೊಡ್ಡ ಪೆಟ್ಟು. ಟಿಎಲ್‌ಎಸ್ ಇಲ್ಲದೆ ಯಾರೂ ಬರಬಾರದು ಅಂತ ಸರ್ವರ್ ಕಾನ್ಫಿಗ್‌ನ ಒಎಲ್‌ಸಿ ಸೆಕ್ಯುರಿಟಿ ಸಾಲಿನಲ್ಲಿ ಎಸ್‌ಎಸ್‌ಎಫ್ (ಸಂಪರ್ಕದ ಭದ್ರತೆಯ ಅಳತೆ) ಕನಿಷ್ಠ 128 ಇರಬೇಕು ಅಂತ ಕೊಟ್ಟೆ. ನಾನೇ ಹೊರಗೆ! ಎಲ್‌ಡ್ಯಾಪ್‌ಐ (ಸರ್ವರ್ ಒಳಗಿನದೇ ದಾರಿ) ಮೂಲಕ ಬರುವ ಲೋಕಲ್ ರೂಟ್‌ಗೆ ಸಿಗುವ ಎಸ್‌ಎಸ್‌ಎಫ್ 71 ಮಾತ್ರ. ಸ್ಲ್ಯಾಪ್‌ಡಿ ನಿಲ್ಲಿಸಿ, ಸ್ಲ್ಯಾಪ್‌ಕ್ಯಾಟ್‌ನಿಂದ ಕಾನ್ಫಿಗ್ ತೆಗೆದು, ತಿದ್ದಿ, ಸ್ಲ್ಯಾಪ್‌ಆ್ಯಡ್‌ನಿಂದ ಮತ್ತೆ ತುಂಬುವಷ್ಟರಲ್ಲಿ ರಾತ್ರಿ ಒಂದೂವರೆ. ಈಗ ಸಿಂಪಲ್ ಬೈಂಡ್‌ಗೆ ಮಾತ್ರ 128 ಇದೆ. ನೀವು ಈ ಸಾಲು ಮುಟ್ಟುವ ಮುಂಚೆ ಕಾನ್ಫಿಗ್ ಬ್ಯಾಕಪ್ ತೆಗೆಯಲೇಬೇಕು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಇದಕ್ಕಾಗಿ ಇಟ್ಟ ಎರಡನೇ ಸರ್ವರ್ ಪಾಸ್‌ವರ್ಡ್ ಇಲ್ಲದೆ, ಬರೀ ಸರ್ಟಿಫಿಕೇಟ್ ತೋರಿಸಿ ಲಾಗಿನ್ ಆಗುವ ಸಾಸ್ಲ್ ಎಕ್ಸ್‌ಟರ್ನಲ್‌ನಲ್ಲಿ ಮೊದಲ ಸರ್ವರ್‌ನ ರೆಪ್ಲಿಕಾ (ಪ್ರತಿ) ತೆಗೆದುಕೊಳ್ಳುತ್ತದೆ. ಕ್ಲೈಂಟ್‌ನ ಸರ್ಟಿಫಿಕೇಟ್ ಕೇಳುವ ವೆರಿಫೈ ಕ್ಲೈಂಟ್‌ಗೆ ಡಿಮಾಂಡ್ (ಇರಲೇಬೇಕು) ಕೊಟ್ಟಾಗ ಸರ್ಟಿಫಿಕೇಟ್ ಇಲ್ಲದ ಲ್ಯಾಬ್ ಪೂರ್ತಿ ನಿಂತಿತು. ಟ್ರೈ (ಇದ್ದರೆ ಮಾತ್ರ ನೋಡು) ಕೊಟ್ಟೆ, ಸರಿಹೋಯಿತು. ಹೊಸ ಸಿಎ ಫೈಲನ್ನು ಅರವತ್ತು ಸಿಸ್ಟಂಗೂ ನಾಲ್ಕೇ ನಿಮಿಷದಲ್ಲಿ ಹೇಗೆ ತಲುಪಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ಸೆಲ್, ಕೇಬಲ್, ಚಹಾ ಎಲ್ಲ ಸೇರಿ ಖರ್ಚು ಸಾವಿರ ದಾಟಲಿಲ್ಲ. ಮೊನ್ನೆ ಪರೀಕ್ಷೆ ನಡೆಯುವಾಗ ಮತ್ತೆ ಟಿಸಿಪಿಡಂಪ್ ಹಾಕಿ, ಆಫೀಸಿನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ಕ್ಲೈಂಟ್ ಸ್ಟಾರ್ಟ್ ಟಿಎಲ್‌ಎಸ್ (ಇನ್ನು ಎನ್‌ಕ್ರಿಪ್ಷನ್ ಶುರು ಮಾಡೋಣ) ಅಂತ ಕೇಳಿದ್ದು ಕಂಡಿತು. ಅದರಾಚೆ ಒಂದು ಪಾಸ್‌ವರ್ಡೂ ಕಾಣಲಿಲ್ಲ.