ಕಲ್ಲಿನಂತೆ ಕೂತ ಮಿಡತೆಗೆ ಹೆಸರಿಡುವುದು ಹೇಗೆ?

ಮಳೆ ಹಿಡಿತ ಬಿಟ್ಟ ಒಂದು ದಿನ ಹಳ್ಳದ ದಂಡೆಗೆ ಹೋಗಿ. ಪಾಚಿ ಕಟ್ಟಿದ ಕಲ್ಲೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ಅಲುಗಾಡದೆ ನೋಡಿ. ಮಣ್ಣಿನ ಹೆಂಟೆ ಅಂದುಕೊಂಡದ್ದು ಮೀಸೆ ಆಡಿಸುತ್ತದೆ. ಒಣ ಎಲೆಯ ಚೂರು ಟಪ್ ಅಂತ ಪಕ್ಕದ ಕಲ್ಲಿಗೆ ಹಾರುತ್ತದೆ. ಅದೇ ಪಿಗ್ಮಿ ಮಿಡತೆ. ಕುಬ್ಜ ಮಿಡತೆ ಅಂತಲೂ ಕರೆಯಬಹುದು. ವಿಜ್ಞಾನಿಗಳು ಇವುಗಳ ಕುಟುಂಬವನ್ನು ಟೆಟ್ರಿಜಿಡೇ ಎನ್ನುತ್ತಾರೆ. ಹೆಚ್ಚಿನವು ಒಂದು ಸೆಂಟಿಮೀಟರ್ ಆಸುಪಾಸಿನವು. ಲೋಕದಲ್ಲಿ ಈವರೆಗೆ ಹೆಸರು ಸಿಕ್ಕಿರುವುದು ಸುಮಾರು 2,000 ಪ್ರಭೇದಗಳಿಗೆ. ಹೆಸರಿಲ್ಲದವು ಇನ್ನೂ ಸಿಗುತ್ತಲೇ ಇವೆ.

ಮೊದಲು ಬೆನ್ನು ನೋಡಿ

ಮಾಮೂಲಿ ಮಿಡತೆಯ ಮರಿಯನ್ನೇ ಕುಬ್ಜ ಮಿಡತೆ ಅಂದುಕೊಳ್ಳುವುದು ತುಂಬಾ ಸುಲಭ. ಮಾಮೂಲಿ ಮಿಡತೆಯ ಕುತ್ತಿಗೆಯ ಮೇಲಿನ ಕವಚ ಕುದುರೆಯ ಜೀನಿನ ಹಾಗೆ ಅಲ್ಲಿಗೇ ಮುಗಿಯುತ್ತದೆ. ಕುಬ್ಜ ಮಿಡತೆಯಲ್ಲಿ ಅದೇ ಕವಚ ಹಿಂದಕ್ಕೆ ಬೆಳೆದು ಹೊಟ್ಟೆಯನ್ನೆಲ್ಲ ಮುಚ್ಚುತ್ತದೆ. ಕೆಲವದರಲ್ಲಿ ಹೊಟ್ಟೆ ದಾಟಿ ಮೊನೆಯಾಗಿ ಚಾಚುತ್ತದೆ. ಇದಕ್ಕೆ ಪ್ರೊನೋಟಮ್ ಎಂದು ಹೆಸರು. ನಾವು ಬೆನ್ನುಕವಚ ಅನ್ನೋಣ. ಮುಂದಿನ ರೆಕ್ಕೆ ಮೀನಿನ ಹುರುಪೆಯಷ್ಟು ಚಿಕ್ಕದು. ಹಾರಬಲ್ಲವುಗಳ ಹಿಂದಿನ ರೆಕ್ಕೆ ಈ ಕವಚದ ಅಡಿಯಲ್ಲಿ ಮಡಚಿಕೊಂಡಿರುತ್ತದೆ.

ಅನುಮಾನ ಇದ್ದರೆ ಲೆನ್ಸ್ ಹಿಡಿದು ಪಾದ ನೋಡಿ. ಮುಂದಿನ ಮತ್ತು ನಡುವಿನ ಪಾದಗಳಲ್ಲಿ ಎರಡೆರಡು ಗೆಣ್ಣು, ಹಿಂದಿನದರಲ್ಲಿ ಮೂರು. ಇವು ಕಾಲು ಉಜ್ಜಿ ಸದ್ದು ಮಾಡುವುದಿಲ್ಲ. ಕೇಳಲು ಕಿವಿಯೂ ಇಲ್ಲ. ಜೀರುಂಡೆ ಹುಡುಕಿದ ಹಾಗೆ ಸದ್ದಿನ ಜಾಡು ಹಿಡಿಯಲು ಆಗುವುದಿಲ್ಲ, ಕಣ್ಣನ್ನೇ ನಂಬಬೇಕು.

ಇವುಗಳ ಊಟ ಪಾಚಿ, ಹಾವಸೆ, ಕೊಳೆತ ಎಲೆ. ಹಾಗಾಗಿ ತೇವ ಇದ್ದಲ್ಲಿ ಇವೆ. ಹಳ್ಳದ ದಂಡೆ, ಗದ್ದೆಯ ಬದು, ಅಡಿಕೆ ತೋಟದ ಬಸಿಗಾಲುವೆ, ಎಲ್ಲವನ್ನೂ ನೋಡಿ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಸೆಲಿಮೆನಾ ಎಂಬ ಗುಂಪಿನವು ಇವೆ. ಹತ್ತಿರ ಹೋದರೆ ನೀರಿಗೆ ಧುಮುಕಿ ಈಜಿಬಿಡುತ್ತವೆ. ಹಿಂಗಾಲಿನ ಕೆಳಭಾಗ ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ. ಅದನ್ನು ಮೊದಲ ಸಲ ಕಂಡ ದಿನ ನಾನು ಬೇರೇನೂ ಹುಡುಕಲಿಲ್ಲ.

ಫೋಟೊ ತೆಗೆಯುವ ಕ್ರಮ

ಚೆಂದದ ಒಂದು ಫೋಟೊಗಿಂತ ಸಾಧಾರಣವಾದ ಮೂರು ಫೋಟೊ ಹೆಚ್ಚು ಕೆಲಸಕ್ಕೆ ಬರುತ್ತವೆ. ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖಕ್ಕೆ ಎದುರಾಗಿ ಒಂದು. ಮೇಲಿನಿಂದ ಕಣ್ಣುಗಳ ನಡುವಿನ ಅಗಲ ಮತ್ತು ಕವಚದ ಉದ್ದ ತಿಳಿಯುತ್ತದೆ. ಪಕ್ಕದಿಂದ ಕವಚದ ಗೂನು, ತೊಡೆಯ ದಪ್ಪ, ಕುತ್ತಿಗೆ ಪಕ್ಕದ ಮುಳ್ಳು ಕಾಣುತ್ತವೆ. ಮೀಸೆ ಕಣ್ಣಿನ ಯಾವ ಮಟ್ಟದಲ್ಲಿ ಹುಟ್ಟಿದೆ ಎಂಬುದು ಮುಖದ ಫೋಟೊದಲ್ಲಿ ಮಾತ್ರ ಗೊತ್ತಾಗುತ್ತದೆ. ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ಯಾವುದೆಂದು ಗುರುತಿಸುವಾಗ ತಜ್ಞರು ಮೊದಲು ಕೇಳುವ ವಿಷಯಗಳಲ್ಲಿ ಅದೂ ಒಂದು. ಜೊತೆಗೆ ಊರು, ತಾರೀಖು, ಕೂತಿದ್ದ ಜಾಗವನ್ನು ಅಲ್ಲೇ ಬರೆದುಕೊಳ್ಳಿ. ಮನೆಗೆ ಹೋಗಿ ಬರೆಯೋಣ ಅಂದರೆ ಮರೆತೇ ಹೋಗುತ್ತದೆ.

ಫೋಟೊದಿಂದ ಏನಾಗುತ್ತದೆ ಅಂತ ಕೇಳಬೇಡಿ. ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದ ಕುಬ್ಜ ಮಿಡತೆಯೊಂದರ ಫೋಟೊವನ್ನು ಹವ್ಯಾಸಿಯೊಬ್ಬರು ಸುಮ್ನೆ ಫೇಸ್‌ಬುಕ್‌ಗೆ ಹಾಕಿದ್ದರು. ಕ್ರೊಯೇಷಿಯಾದ ಯೊಸಿಪ್ ಸ್ಕೆಯೊ ಮತ್ತು ಜೊತೆ ಸಂಶೋಧಕಿ ಅದು ಹೊಸದು ಎಂದು ಗುರುತಿಸಿ, 2016ರಲ್ಲಿ ಅರುಲೆನಸ್ ಮಿಯೇ ಎಂದು ಹೆಸರಿಟ್ಟರು.

ಹೊಸದು ಅನ್ನುವ ಮೊದಲು

ಇಲ್ಲಿ ಆತುರ ಬೇಡ. ಬಹಳ ಜನ ಎಡವುವುದು ಇಲ್ಲಿಯೇ.

ಬಣ್ಣವನ್ನು ಪೂರ್ತಿ ಮರೆತುಬಿಡಿ. ಒಂದೇ ಪ್ರಭೇದದಲ್ಲಿ ಕಪ್ಪು, ಬೂದು, ಕಂದು, ಪಟ್ಟೆ ಇರುವವು, ಚುಕ್ಕೆ ಇರುವವು ಎಲ್ಲವೂ ಇರಬಹುದು. ಕವಚದ ಉದ್ದವೂ ಮೋಸ ಮಾಡುತ್ತದೆ. ಒಂದೇ ಪ್ರಭೇದದ ಕೆಲವಕ್ಕೆ ಉದ್ದ ರೆಕ್ಕೆ, ಉದ್ದ ಕವಚ. ಇನ್ನು ಕೆಲವಕ್ಕೆ ಎರಡೂ ಗಿಡ್ಡ. ಗಂಡಿಗಿಂತ ಹೆಣ್ಣು ದೊಡ್ಡದು. ಮರಿಗಳಂತೂ ದೊಡ್ಡವಾದ ಮೇಲೆ ಬೇರೆಯದೇ ಆಕಾರ ತಾಳುತ್ತವೆ. ಮರಿಯನ್ನು ನೋಡಿ ಹೊಸ ಹೆಸರು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಜಾಗದ ನಾಲ್ಕಾರು ಬೆಳೆದ ಗಂಡು, ಹೆಣ್ಣುಗಳನ್ನು ಸಾಲಾಗಿ ಇಟ್ಟು ನೋಡಿದರೆ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಅಂತ ತಾನಾಗಿಯೇ ತಿಳಿಯುತ್ತದೆ.

ಮುಂದಿನದು ಮೇಜಿನ ಮೇಲಿನ ಕೆಲಸ. ಆರ್ಥಾಪ್ಟೆರಾ ಸ್ಪೀಷೀಸ್ ಫೈಲ್ ಎಂಬ ಜಾಲತಾಣದಲ್ಲಿ ಈವರೆಗಿನ ಹೆಸರುಗಳ ಪಟ್ಟಿ ಇದೆ. ಸ್ಪೇನಿನ ಇಗ್ನಾಸಿಯೊ ಬೊಲಿವಾರ್ 1887ರಲ್ಲಿ ಈ ಗುಂಪಿನ ಮೇಲೆ ದೊಡ್ಡ ಗ್ರಂಥ ಬರೆದರು. ಅಂಥ ಹಳೆಯ ವಿವರಣೆಗಳನ್ನು ಸಾಲು ಸಾಲಾಗಿ ಓದಬೇಕು. ಎಷ್ಟೋ ಸಲ ವಿವರಣೆ ಮೂರೇ ಸಾಲು ಇರುತ್ತದೆ. ಆಗ ಆ ಹೆಸರು ಹೊತ್ತ ಮೂಲ ಮಾದರಿಯನ್ನೇ ನೋಡಬೇಕು. ಅದಕ್ಕೆ ಹೋಲೋಟೈಪ್ ಅನ್ನುತ್ತಾರೆ. ಭಾರತದ ಮಿಡತೆಗಳ ಹಳೆಯ ಮಾದರಿಗಳಲ್ಲಿ ಎಷ್ಟೋ ಯುರೋಪಿನ ಮ್ಯೂಸಿಯಂಗಳಲ್ಲಿವೆ. ಕಾಡಿನಲ್ಲಿ ಒಂದು ದಿನ ಕಳೆದರೆ ಇಲ್ಲಿ ತಿಂಗಳುಗಳು ಹೋಗುತ್ತವೆ. ಹೊಸ ಪ್ರಭೇದ ನಿಜವಾಗಿ ಪತ್ತೆಯಾಗುವುದೂ ಇಲ್ಲಿಯೇ.

ಮಾದರಿ, ಕಾನೂನು, ಹೆಸರು

ಈ ಹಂತದಲ್ಲಿ ಒಬ್ಬ ತಜ್ಞರ ಜೊತೆ ಸೇರಲೇಬೇಕು. ಅರಣ್ಯದಿಂದ ಕೀಟ ತೆಗೆದುಕೊಂಡು ಬರಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಿಡಿಯುವಾಗ ಹಿಂಗಾಲು ಹಿಡಿಯಬೇಡಿ. ಗಾಬರಿಯಲ್ಲಿ ಕಾಲನ್ನೇ ಕಳಚಿ ಬಿಟ್ಟು ಹೋಗುತ್ತದೆ. ಆಮೇಲೆ ತೊಡೆಯ ಅಳತೆಯೇ ಸಿಗುವುದಿಲ್ಲ. ಡಿಎನ್‌ಎ ಪರೀಕ್ಷೆಗಾಗಿ ಒಂದೆರಡನ್ನು ಗಟ್ಟಿ ಆಲ್ಕೋಹಾಲಿನಲ್ಲಿ ಇಡುತ್ತಾರೆ, ಉಳಿದದ್ದನ್ನು ಸೂಜಿಗೆ ಚುಚ್ಚಿ ಒಣಗಿಸುತ್ತಾರೆ. ಪ್ರಾಣ ತೆಗೆಯುವುದು ಯಾರಿಗೂ ಹಿತವಲ್ಲ. ಅದಕ್ಕೇ ಬೇಕಾದ್ದಕ್ಕಿಂತ ಒಂದೂ ಜಾಸ್ತಿ ಹಿಡಿಯಬಾರದು.

ಹೆಸರಿಗೆ ಎರಡು ಪದ. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಊರಿನ ಹೆಸರಿಡಬಹುದು, ಮುಳ್ಳಿನ ಆಕಾರ ಹೇಳಬಹುದು, ಗೌರವಕ್ಕೆ ಒಬ್ಬರ ಹೆಸರನ್ನೂ ಇಡಬಹುದು. ಡೊಮಿನಿಕನ್ ಗಣರಾಜ್ಯದ ಅಂಬರಿನಲ್ಲಿ, ಅಂದರೆ ಕಲ್ಲಿನಂತಾದ ಮರದ ಅಂಟಿನಲ್ಲಿ, ಸುಮಾರು 2 ಕೋಟಿ ವರ್ಷದ ಹಿಂದೆ ಸಿಕ್ಕಿಕೊಂಡ ಕುಬ್ಜ ಮಿಡತೆಗೆ 2014ರಲ್ಲಿ ಬ್ರಿಟನ್ನಿನ ವನ್ಯಜೀವಿ ಸಾಕ್ಷ್ಯಚಿತ್ರಕಾರ ಡೇವಿಡ್ ಅಟೆನ್‌ಬರೊ ಅವರ ಹೆಸರಿಟ್ಟರು. ಆ ಅಂಬರನ್ನು ಸಂಗ್ರಹಿಸಿದ್ದು 1950ರ ದಶಕದಲ್ಲಿ. ಅಷ್ಟು ವರ್ಷ ಅದು ಸಂಗ್ರಹದಲ್ಲೇ ಕಾಯುತ್ತಿತ್ತು.

ಹೆಸರು ಊರ್ಜಿತವಾಗಬೇಕಾದರೆ ವಿವರಣೆ ಪ್ರಕಟವಾಗಬೇಕು. ಹತ್ತಿರದ ಪ್ರಭೇದಗಳಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಅದರಲ್ಲಿ ಹೇಳಬೇಕು. ಒಂದೇ ಒಂದು ಮಾದರಿಯನ್ನು ಹೋಲೋಟೈಪ್ ಎಂದು ಸಾರಬೇಕು. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಹೊಸ ಪ್ರಭೇದ ಕಂಡುಹಿಡಿದವರು ಸರ್ಕಾರ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಕೊಡಬೇಕು. ಪ್ರಾಣಿಗಳಿಗೆ ಅಂಥ ಒಂದು ಸಂಸ್ಥೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ. ಹೋಲೋಟೈಪ್ ಎಂದು ತೋರಿಸಲು ಸೂಜಿಗೆ ಸಾಮಾನ್ಯವಾಗಿ ಕೆಂಪು ಚೀಟಿ ಹಾಕುತ್ತಾರೆ. ಅದೇ ಸೂಜಿಯಲ್ಲಿ ಇನ್ನೊಂದು ಚೀಟಿಯೂ ಇರುತ್ತದೆ. ಆವತ್ತು ಹಳ್ಳದ ದಂಡೆಯಲ್ಲಿ ನೀವು ಬರೆದುಕೊಂಡ ಊರು ಮತ್ತು ತಾರೀಖು ಅದರಲ್ಲಿರುತ್ತವೆ.