ಹೆಡ್‌ಲೈಟ್ ಬಲ್ಬ್ ಬದಲ್ಸೂ ಮೊದ್ಲ ಕೆಲ್ವಿನ್ ನಂಬರ್ ನೋಡ್ರಿ

ಕಬ್ಬಿನ ಸೀಜನ್‌ದಾಗ ಮುಧೋಳ, ಜಮಖಂಡಿ ಕಡೆ ರಾತ್ರಿ ಗಾಡಿ ಹೊಡದವ್ರಿಗೆ ಗೊತ್ತಿರತೈತಿ, ಮುಂದ ಎರಡೆರಡು ಟ್ರೇಲರ್ ಜಗ್ಗೊಂಡು ಹೊಂಟ ಟ್ರ್ಯಾಕ್ಟರ್, ಅದಕ್ಕ ಹಿಂದ ಲೈಟೂ ಇಲ್ಲ ರೇಡಿಯಮ್ಮೂ ಇಲ್ಲ, ಅದ ಟೈಮಿಗೆ ಎದುರಿಂದ ಒಬ್ಬಾಂವ ನೀಲಿ ಲೈಟ್ ಹಾಕ್ಕೊಂಡು ಡಿಪ್ ಮಾಡದ, ಅಂದ್ರ ಬೆಳಕು ಕೆಳಗ ಇಳಸದ, ಬರ್ತಾನ. ಎರಡು ಸೆಕೆಂಡ್ ಏನೂ ಕಾಣಂಗಿಲ್ಲ.

ನಾನೂ ಅಂಥಾದ್ದ 8000 ಕೆಲ್ವಿನ್ ಬಲ್ಬ್ ಹಾಕ್ಸಿದ್ದೆ. ಅಂಗಡ್ಯಾಂವ "ಹಗಲಾಗತೈತ್ರಿ ಸರ" ಅಂದ. ಮನಿ ಮುಂದಿನ ಗ್ವಾಡಿ ಮ್ಯಾಲೆ ಹಗಲ ಆತು, ಮಳಿಯಾಗ ಡಾಂಬರ್ ರಸ್ತೆ ಮ್ಯಾಲೆ ತಗ್ಗು ಯಾವ್ದು ನೀರು ಯಾವ್ದು ತಿಳೀಲಿಲ್ಲ.

ಕೆಲ್ವಿನ್ ಅಂದ್ರ ಬೆಳಕಿನ ಬಣ್ಣ ಅಷ್ಟ, ಜೋರು ಅಲ್ಲ. 3000 ಹಳದಿ, ಕಂಪನಿಯಿಂದ ಬರೂ ಹ್ಯಾಲೊಜನ್ (ಬಿಸಿ ತಂತಿಯಿಂದ ಬೆಳಗೂ ಬಲ್ಬ್) ಸುಮಾರು 3200, 4300 ಬಿಳಿ, 6000 ಥಂಡ ಬಿಳಿ, ಅದರ ಮ್ಯಾಲೆ ಹೋದಂಗ ನೀಲಿ. ಜೋರು ನೋಡ್ಬೇಕಂದ್ರ ಲ್ಯೂಮೆನ್, ಅಂದ್ರ ಒಟ್ಟು ಬೆಳಕಿನ ಅಳತಿ, ನೋಡ್ರಿ, ಸಾದಾ ಎಚ್4 ಬಲ್ಬ್ (ಡಿಪ್, ಅಪ್ಪರ್ ಎರಡೂ ಒಂದರಾಗ ಇರೂ ಹ್ಯಾಲೊಜನ್) ಡಿಪ್‌ನ್ಯಾಗ 55 ವ್ಯಾಟ್, ಸುಮಾರು 1000 ಲ್ಯೂಮೆನ್ ಕೊಡತೈತಿ. ಹ್ಯಾಲೊಜನ್‌ದಾಗ "ಸೂಪರ್ ವೈಟ್" ಅಂತ ಮಾರ್ತಾರಲ್ಲ, ಅದ್ರಾಗ ಗಾಜಿಗೆ ನೀಲಿ ಬಣ್ಣ ಬಳದಿರ್ತಾರ, ಆ ಬಣ್ಣ ಹಳದಿ ಬೆಳಕನ್ನ ಒಳಗ ತಡೀತೈತಿ, ಅಂದ್ರ ಜಾಸ್ತಿ ರೊಕ್ಕ ಕೊಟ್ಟು ಕಡಿಮಿ ಬೆಳಕು.

ನನ್ನ ಕೇಳಿದ್ರ 4000ರಿಂದ 4500 ಸಾಕ್ರಿ, 5000 ದಾಟಬ್ಯಾಡ್ರಿ. ಮಳಿಗಾಲದಾಗ ಚೋರ್ಲಾ ಘಾಟ್, ಜಾಂಬೋಟಿ ಕಡೆ ಅಡ್ಡಾಡೋರು ಹಳದಿ ಫಾಗ್ ಲ್ಯಾಂಪ್ ಕೆಳಗ ಬಂಪರ್‌ದಾಗ ಕೂಡ್ಸಿಕೊಳ್ರಿ. ಹಳದಿ ಬೆಳಕು ಮಂಜು ಸೀಳತೈತಿ ಅನ್ನೂದೆಲ್ಲ ಸುಳ್ಳ, ಮಂಜಿನ ಹನಿ ದೊಡ್ಡೂ ಇರ್ತಾವ, ಎಲ್ಲಾ ಬಣ್ಣಾನೂ ಒಂದ ನಮೂನಿ ಚೆದುರ್ತಾವ. ಲೈಟ್ ಕೆಳಗ ಇದ್ರ ಬೆಳಕು ತಿರುಗಿ ಕಣ್ಣಿಗೆ ಬರೂದು ಕಡಿಮಿ, ಹಳದಿಗೆ ಕಣ್ಣು ಕುಕ್ಕೂದೂ ಕಡಿಮಿ, ಅಷ್ಟ. ಮಂಜಿನಾಗ ಅಪ್ಪರ್, ಅಂದ್ರ ದೂರದ ಮ್ಯಾಲಿನ ಬೆಳಕು, ಮಾತ್ರ ಹಾಕಬ್ಯಾಡ್ರಿ.

ಹ್ಯಾಲೊಜನ್ ರಿಫ್ಲೆಕ್ಟರ್‌ದಾಗ (ಬೆಳಕು ಮುಂದಕ್ಕ ತಿರುಗಿಸೂ ಹೊಳಿಯೂ ಬಟ್ಟಲು) ಎಲ್ಇಡಿ ತುರುಕೂದು ಬ್ಯಾಡ. ಫಿಲಮೆಂಟ್ (ಬಲ್ಬಿನ ತಂತಿ) ಇದ್ದ ಜಾಗಕ್ಕ ಬೆಳಕು ಸರಿಯಾಗಿ ಕೂಡ್ಲಿಲ್ಲಂದ್ರ ಅದು ರಸ್ತೆ ಬಿಟ್ಟು ಎದುರಿನವ್ರ ಮಾರಿಗೆ ಹೋಗತೈತಿ. ಅಪ್ಪರ್‌ಗೆ 100, ಡಿಪ್‌ಗೆ 90 ವ್ಯಾಟ್ ಬಲ್ಬ್ ಅಂತೂ ರಿಲೇ (ಬ್ಯಾಟರಿಯಿಂದ ಬಲ್ಬಿಗೆ ಬ್ಯಾರೆ ವೈರಿಂದ ಕರೆಂಟ್ ಕೊಡೂ ಸ್ವಿಚ್) ಇಲ್ಲದ ಹಾಕಿದ್ರ ಹೋಲ್ಡರ್ ಕರಗಬಹುದು, ಮ್ಯಾಲೆ ಕಾನೂನಿಗೂ ಒಪ್ಪಂಗಿಲ್ಲ.

ಇಷ್ಟೆಲ್ಲಾ ಮಾಡೂ ಮೊದ್ಲ ಹೆಡ್‌ಲೈಟ್ ಗ್ಲಾಸ್ ನೋಡ್ರಿ, ಹಳದಿ ಆಗಿ ಮಸುಕಾಗಿದ್ರ ಪಾಲಿಶ್ ಮಾಡಸ್ರಿ, ಎಷ್ಟೋ ಗಾಡಿಗೆ ಅಷ್ಟ ಸಾಕು. ಬಲ್ಬ್ ಹಾಕೂ ಮುಂದ ಗಾಜಿಗೆ ಬಟ್ಟು ತಾಗಿಸಬ್ಯಾಡ್ರಿ, ಕೈ ಜಿಡ್ಡಿಗೆ ಲಗೂ ಸುಡತೈತಿ. ಆಮ್ಯಾಲೆ ಸಪಾಟ ಜಾಗದಾಗ ಗ್ವಾಡಿಯಿಂದ 10 ಮೀಟರ್ ದೂರ ನಿಲ್ಸಿ ಡಿಪ್ ಹಾಕ್ರಿ, ಬೆಳಕಿನ ಮ್ಯಾಲಿನ ಅಂಚು ಹೆಡ್‌ಲೈಟ್ ನಡುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗ ಇರ್ಬೇಕು. ಹಿಂದ ಮಂದಿ, ಸಾಮಾನು ತುಂಬಿದ್ರ ಗಾಡಿ ಮೂತಿ ಮ್ಯಾಲೆ ಏಳತೈತಿ, ಡ್ಯಾಶ್‌ಬೋರ್ಡ್‌ನ್ಯಾಗಿನ ಲೆವೆಲಿಂಗ್ ಚಕ್ರ 0 ಬಿಟ್ಟು 2ಕ್ಕ ತಿರುವ್ರಿ. ಕಡೀಕ ಗೆಳ್ಯಾನ ಗಾಡಿ ಎದುರಿಗೆ ತಂದು ಅವನ್ನ ಸ್ಟೀರಿಂಗ್ ಹಿಂದ ಕೂಡ್ಸಿ ನಿಮ್ಮ ಲೈಟ್ ಹಾಕಿ ತೋರಸ್ರಿ, ಅಂವ ಬೈದ್ರ ಹೆಡ್‌ಲೈಟ್ ಹಿಂದಿನ ಅಡ್ಜಸ್ಟ್ ಸ್ಕ್ರೂ ಇನ್ನೊಂದು ಸುತ್ತು ತಿರುವಿ ಬೆಳಕು ಕೆಳಗ ಇಳಸ್ರಿ.