ಎಲ್ಕ್ ಶಿಕಾರಿಗೆ ಯಾವ ಕಾಲ್ (ಕರೆಯುವ ಪೀಪಿ) ಒಳ್ಳೆಯದು? ನನ್ನ ಅನುಭವ

ಅಮೆರಿಕದ ಕೊಲರಾಡೋದಲ್ಲಿ ಲೈಸೆನ್ಸ್ ತೆಗೆದುಕೊಂಡು ಬಿಲ್ಲು ಬಾಣದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಶಿಕಾರಿ ಮಾಡುತ್ತೇನೆ. ನಮ್ಮ ಕಡವೆ ನೋಡಿದವರಿಗೆ ಎಲ್ಕ್ ಗಾತ್ರದ ಅಂದಾಜು ಸಿಗಬಹುದು, ಬೆಳೆದ ಗಂಡು 300 ಕಿಲೋ ದಾಟುತ್ತದೆ. ಸೆಪ್ಟೆಂಬರ್‌ನಲ್ಲಿ ಹೆಣ್ಣುಗಳು ಬೆದೆಗೆ ಬರುತ್ತವೆ, ಗಂಡುಗಳು ಕೂಗುತ್ತವೆ. ಅವುಗಳ ದನಿ ಅನುಕರಿಸುವ ಕಾಲ್ ಊದಿ ಕರೆಯುವುದಕ್ಕೆ ಅದೇ ಸರಿಯಾದ ಸಮಯ.

ಅಂಗಡಿಯಲ್ಲಿ ಎಲ್ಲರೂ ಯಾವುದರ ಸದ್ದು ಚೆನ್ನಾಗಿದೆ ಅಂತ ನೋಡುತ್ತಾರೆ. ನಾನು ನೋಡುವುದು ಬೇರೆ. ಗಂಡು 30 ಮೀಟರ್ ಹತ್ತಿರ ಬಂದಾಗ ನನ್ನ ಎರಡೂ ಕೈ ಬಿಲ್ಲಿನ ಮೇಲಿರುತ್ತವೆ, ಆಗಲೂ ಸದ್ದು ಮಾಡಲು ಆಗಬೇಕು ಅಲ್ವಾ? ಅದಕ್ಕೇ ಡಯಾಫ್ರಮ್. ಕುದುರೆ ಲಾಳದ ಆಕಾರದ ಚೌಕಟ್ಟಿಗೆ ತೆಳು ಲ್ಯಾಟೆಕ್ಸ್ ಬಿಗಿದಿರುತ್ತದೆ. ತೆರೆದ ಬದಿ ಹಲ್ಲಿನ ಕಡೆ ಬರುವಂತೆ ಅಂಗುಳಕ್ಕೆ ಒತ್ತಿಟ್ಟು, ಕೆಳಗಿಂದ ನಾಲಿಗೆ ತಾಗಿಸಿ ಊದಬೇಕು. ಮೊದಮೊದಲು ವಾಕರಿಕೆ ಬರುತ್ತದೆ, ಅಂಚನ್ನು ಸ್ವಲ್ಪ ಕತ್ತರಿಸಿ ಅಂಗುಳಕ್ಕೆ ಹೊಂದಿಸಿಕೊಂಡರೆ ಕಡಿಮೆಯಾಗುತ್ತದೆ. ಕಲಿಯುವವರು ಒಂದೇ ಪದರದ್ದು ಕೊಳ್ಳಿ, ಕಡಿಮೆ ಉಸಿರಿಗೇ ಸದ್ದು ಬರುತ್ತದೆ. ಅಭ್ಯಾಸ ನಾನು ಮಾಡಿದ್ದು ಕಾರಿನಲ್ಲಿ, ಆಫೀಸಿಗೆ ಹೋಗುವಾಗ.

ಅದು ಕೈಗೂಡುವವರೆಗೆ, ಕಚ್ಚಿ ಹಿಡಿದು ಊದುವ, ರೀಡ್ (ಅದುರಿ ಸದ್ದು ಮಾಡುವ ತೆಳು ಪಟ್ಟಿ) ಹೊರಗಿರುವ ಕಾಲ್ ಸಾಕು. ತುಂಬಾ ಸುಲಭ. ಚಳಿಯಲ್ಲಿ ಅದರೊಳಗೆ ಉಗುಳು ಹೆಪ್ಪುಗಟ್ಟುತ್ತದೆ, ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ಗಂಡಿನ ಕೂಗು ತೆಗೆಯಲು ಬ್ಯೂಗಲ್ ಟ್ಯೂಬ್, ಅಂದರೆ ಸದ್ದು ಜೋರು ಮಾಡುವ ಉದ್ದ ಕೊಳವೆ ಬೇಕು. ನಾನು ಅದನ್ನು ಬೆಳಗಿನ ಜಾವ ಗುಡ್ಡದ ಮೇಲೆ ನಿಂತು, ಗಂಡು ಯಾವ ಕಣಿವೆಯಲ್ಲಿದೆ ಅಂತ ತಿಳಿಯಲು ಮಾತ್ರ ಊದುತ್ತೇನೆ. ಹತ್ತಿರ ಹೋದಮೇಲೆ ಜೋರಾಗಿ ಸವಾಲು ಹಾಕಿದರೆ ಕೆಲವು ಗಂಡುಗಳು ಮೈಮೇಲೆ ಬರುತ್ತವೆ ನಿಜ, ಆದರೆ ಎಷ್ಟೋ ಗಂಡುಗಳು ತಮ್ಮ ಹೆಣ್ಣುಗಳನ್ನು ಅಟ್ಟಿಕೊಂಡು ದೂರ ಹೋಗಿಬಿಡುತ್ತವೆ. ಹೆಣ್ಣಿನ ಮೆಲುದನಿಯ 'ಮ್ಯೂ' ಒಂದೆರಡು ಸಲ, ಆಮೇಲೆ ಸುಮ್ನೆ ಕಾಯುವುದು. ನನಗೆ ಜಾಸ್ತಿ ಫಲ ಕೊಟ್ಟಿದ್ದು ಇದೇ.

ಗಾಳಿ ತಪ್ಪಿದರೆ ಯಾವ ಕಾಲ್ ಇದ್ದರೂ ದಂಡ. ಬಿಸಿಲೇರಿದಂತೆ ಗಾಳಿ ಗುಡ್ಡ ಹತ್ತುತ್ತದೆ, ಸಂಜೆ ತಣ್ಣಗಾದಾಗ ಕೆಳಗಿಳಿಯುತ್ತದೆ. ಕೂಗಿಗೆ ಬರುವ ಗಂಡು ನೇರವಾಗಿ ಬರುವುದು ಕಡಿಮೆ, ವಾಸನೆ ಹಿಡಿಯಲು ಸುತ್ತು ಹಾಕಿ ಗಾಳಿ ಬೀಸಿ ಹೋಗುವ ಕಡೆಯಿಂದ ಬರುತ್ತದೆ. ಅದಕ್ಕೇ ಇಬ್ಬರು ಹೋಗುತ್ತೇವೆ. ಗೆಳೆಯ 50 ಮೀಟರ್ ಹಿಂದೆ ಕೂತು ಕರೆಯುತ್ತಾನೆ, ನಾನು ಅದು ಸುತ್ತಿ ಬರುವ ದಾರಿಯ ಪಕ್ಕ, ನನ್ನ ವಾಸನೆ ಅದಕ್ಕೆ ತಾಗದಂತೆ ನಿಲ್ಲುತ್ತೇನೆ. ಅದರ ಕಣ್ಣು ಮರದ ಮರೆಗೆ ಹೋದಾಗ ಬಿಲ್ಲು ಎಳೆಯುತ್ತೇನೆ, ಈಚೆ ಬಂದ ಕೂಡಲೇ ಬಾಯಲ್ಲೇ ಒಂದು 'ಮ್ಯೂ'. ನಿಂತು ನೋಡುತ್ತದೆ. ಬಾಣ ಬಿಡುವುದು ಆಗಲೇ, ನಡೆಯುತ್ತಿರುವ ಪ್ರಾಣಿಗೆ ನಾನು ಬಿಡುವುದಿಲ್ಲ, ಗಾಯವಾಗಿ ನರಳಬಾರದು. ಬಾಣ ಬಿಟ್ಟ ತಕ್ಷಣ ಮತ್ತೊಮ್ಮೆ 'ಮ್ಯೂ' ಅಂದರೆ ಎಷ್ಟೋ ಸಲ ಅದು ಗಾಬರಿಯಾಗಿ ದೂರ ಓಡುವುದಿಲ್ಲ, ಹುಡುಕುವುದು ಸುಲಭ.

ಮನೆಗೆ ಬಂದಮೇಲೆ ಡಯಾಫ್ರಮ್ ತೊಳೆದು ಒಣಗಿಸಿ ಫ್ರಿಜ್‌ನಲ್ಲಿಡಿ, ಪದರ ಹೆಚ್ಚಿದ್ದರೆ ಅಂಟದಂತೆ ನಡುವೆ ಹಲ್ಲುಕಡ್ಡಿ ಸಿಕ್ಕಿಸಿ. ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಲ್ಯಾಟೆಕ್ಸ್ ಬೇಗ ಹಾಳಾಗುತ್ತದೆ.